ಮೂವತ್ತೊಂದನೇ ನಿಮಿಷದ ಕಲ್ಲು

ಸಿದ್ದಾಪುರದ ಸಂಘಮಿತ್ರಾ ಹನ್ನೆರಡು ವರ್ಷ ಮದುವೆ ವಿಡಿಯೋ ತೆಗೆದವಳು. ಪಿಯುಸಿ ಆದಮೇಲೆ ಓದು ಮುಂದುವರಿಯಲಿಲ್ಲ, ಕ್ಯಾಮೆರಾ ಕೈಗೆ ಬಂತು. ಹೋದ ವರ್ಷ ಜಯನಗರದಲ್ಲಿ, ಆನ್‌ಲೈನ್ ಪದವಿ ಕೊಡುವ ಒಂದು ವಿಶ್ವವಿದ್ಯಾಲಯದ ಸ್ಟುಡಿಯೋಗೆ ಕೆಲಸಕ್ಕೆ ಸೇರಿದಳು.

ಅವಳು ಚಿತ್ರೀಕರಿಸಿದ ಮೊದಲ ಪಾಠ ಭೂವಿಜ್ಞಾನದ್ದು. ಮೇಷ್ಟ್ರು ನರೇಂದ್ರ, ನಿವೃತ್ತಿಗೆ ಇನ್ನೆರಡು ವರ್ಷ. ಪರದೆಯ ಮೇಲಿದ್ದುದನ್ನೇ ಐವತ್ತು ನಿಮಿಷ ಓದಿ ಮುಗಿಸಿ ಹೋದರು.

ವಾರದ ನಂತರ ಕಂಪ್ಯೂಟರಿನಲ್ಲಿ ಒಂದು ಗೆರೆ ಬಂತು. ಯಾವ ನಿಮಿಷವನ್ನು ಎಷ್ಟು ವಿದ್ಯಾರ್ಥಿಗಳು ನೋಡಿದರು ಅಂತ ತೋರಿಸುವ ಗೆರೆ. ನಾಲ್ಕನೇ ನಿಮಿಷಕ್ಕೇ ನೆಲ ಕಚ್ಚಿತ್ತು. ಆದರೆ ಮೂವತ್ತೊಂದನೇ ನಿಮಿಷದಲ್ಲಿ ಸಣ್ಣಗೆ ಉಬ್ಬಿತ್ತು. ಉಳಿದಿದ್ದ ನಾಲ್ಕಾರು ಮಂದಿ ಆ ಜಾಗವನ್ನು ಹಿಂದಕ್ಕೆಳೆದು ಮತ್ತೆ ನೋಡಿದ್ದರು.

ಅಲ್ಲೇನಿದೆ? ಸಂಘಮಿತ್ರಾ ಹಾಕಿ ನೋಡಿದಳು. ಮೇಷ್ಟ್ರು ಜೇಬಿನಿಂದ ಒಂದು ಕಲ್ಲು ತೆಗೆದು, ಹತ್ತು ಸೆಕೆಂಡ್ ತೋರಿಸಿ, ಒಳಗಿಟ್ಟುಕೊಂಡಿದ್ದರು. ಅದೂ ಮಸುಕಾಗಿತ್ತು.

ಮರುದಿನ ಅವರನ್ನು ತಡೆದು ಕೇಳಿದಳು. "ಸಾರ್, ಆ ಕಲ್ಲು ಎಲ್ಲಿಂದು?"

"ಕೋಣನಕುಂಟೇಲಿ ಯಾರೋ ಪಾಯ ತೋಡ್ತಿದ್ರು, ಅಲ್ಲಿ ಸಿಕ್ತು. ಯಾಕಮ್ಮಾ?"

"ಅಲ್ಲೀತನಕ ನೋಡಿದೋರೆಲ್ಲ ಅದನ್ನೇ ಮತ್ತೆ ನೋಡಿದಾರೆ ಸಾರ್. ಸರಿಯಾಗಿ ತೋರ್ಸೋಣ."

"ಇದು ಪಾಠ, ಮದುವೆ ಅಲ್ಲ," ಎಂದರು ನರೇಂದ್ರ. ಆದರೂ ಮೂರನೇ ದಿನ ಕಲ್ಲು ತಂದರು.

ತಾಳಿ, ಉಂಗುರ ಹತ್ತಿರದಿಂದ ತೆಗೆಯಲು ಇಟ್ಟುಕೊಂಡಿದ್ದ ಲೆನ್ಸನ್ನು ಸಂಘಮಿತ್ರಾ ಹಾಕಿದಳು. ರೇಷ್ಮೆ ಸೀರೆಯ ಜರಿ ಎದ್ದು ಕಾಣಲು ಬೆಳಕನ್ನು ಓರೆಯಾಗಿ ಬಿಡುತ್ತಿದ್ದ ಹಾಗೆಯೇ ಇಲ್ಲೂ ಬಿಟ್ಟಳು. ಪರದೆ ತುಂಬ ಕಪ್ಪು ಬಿಳುಪು ಪಟ್ಟೆಗಳು ಅಲೆಅಲೆಯಾಗಿ ಮೂಡಿದವು. ಮೂವತ್ತು ವರ್ಷ ಕಲ್ಲು ನೋಡಿದ ನರೇಂದ್ರರೇ ಪರದೆಯತ್ತ ಬಗ್ಗಿದರು.

ಲೆನ್ಸಿನ ಎದುರು ನಿಂತರೆ ಮಾತ್ರ ಅವರ ನಾಲಿಗೆ ತಡವರಿಸುತ್ತಿತ್ತು.

"ಕ್ಯಾಮೆರಾ ಮರ್ತ್‌ಬಿಡಿ ಸಾರ್. ನಂಗೆ ಹೇಳಿ. ಈ ಪಟ್ಟೆ ಯಾಕೆ ಬಂತು?"

"ಭೂಮಿ ಒಳಗೆ ಆಳದಲ್ಲಿ ಬಿಸಿ, ಒತ್ತಡ. ಬೆಳ್ಳಗಿರೋ ಖನಿಜ ಒಂದು ಕಡೆ, ಕಪ್ಪಗಿರೋದು ಇನ್ನೊಂದು ಕಡೆ ಸೇರ್ಕೊಳ್ಳತ್ತೆ."

"ಎಷ್ಟು ವರ್ಷ ಆಗಿರ್ಬಹುದು?"

"ಸುಮಾರು ಮುನ್ನೂರು ಕೋಟಿ."

"ಅಯ್ಯೋ! ಇದರ ಮೇಲಾ ನಾವು ಮನೆ ಕಟ್ಕೊಂಡಿರೋದು?"

ನರೇಂದ್ರ ಜೋರಾಗಿ ನಕ್ಕರು. ಆಮೇಲೆ ಮಾತು ನಿಲ್ಲಲೇ ಇಲ್ಲ.

ಎಡಿಟ್ ಮಾಡುವಾಗ ಸಂಘಮಿತ್ರಾ ತನ್ನ ದನಿ ಕತ್ತರಿಸಲು ಹೊರಟಳು. ನರೇಂದ್ರ ಬಿಡಲಿಲ್ಲ. "ನೀವು ಕೇಳಿದ್ದಕ್ಕೇ ನಾನು ಹೇಳಿದ್ದು. ಇರ್ಲಿ." ಐವತ್ತು ನಿಮಿಷದ ಪಾಠ ಏಳೇಳು ನಿಮಿಷದ ಏಳು ತುಂಡಾಯಿತು.

ಈ ಸಲ ಗೆರೆ ಕೊನೆಯವರೆಗೂ ಪೂರ್ತಿ ಕೆಳಗಿಳಿಯಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಮೇಷ್ಟ್ರ ಇಮೇಲ್‌ಗೆ ಕಲ್ಲಿನ ಫೋಟೋಗಳು ಬರತೊಡಗಿದವು. ಒಗೆಯುವ ಕಲ್ಲು, ರುಬ್ಬುವ ಕಲ್ಲು, ಬಾಗಿಲ ಮೆಟ್ಟಿಲು. ಎಲ್ಲದರ ಕೆಳಗೂ ಒಂದೇ ಪ್ರಶ್ನೆ: "ಸಾರ್, ಇದು ಯಾವ ಕಲ್ಲು?" ಪರೀಕ್ಷೆಯಲ್ಲಿ ಅಂಕ ಸ್ವಲ್ಪವೇ ಏರಿತು. ನರೇಂದ್ರ ಮಾತ್ರ ಪ್ರತಿ ಫೋಟೋಗೂ ಕೂತು ಉತ್ತರ ಬರೆದರು.

ಒಂದು ಮಧ್ಯಾಹ್ನ ಅರ್ಥಶಾಸ್ತ್ರದ ರೇಖಾ ಮೇಡಂ ಸ್ಟುಡಿಯೋ ಬಾಗಿಲಲ್ಲಿ ನಿಂತರು.

"ನನ್ನ ಪಾಠದಲ್ಲಿ ತೋರ್ಸೋಕೆ ಏನೂ ಇಲ್ವಲ್ಲ. ಬರೀ ಬೇಡಿಕೆ, ಪೂರೈಕೆ. ಏನ್ ಮಾಡ್ತೀರಾ?"

ಸಂಘಮಿತ್ರಾ ಕುರ್ಚಿ ಎಳೆದು ಕೊಟ್ಟಳು. "ಬೇಡಿಕೆ ಅಂದ್ರೆ ಏನು ಮೇಡಂ? ಮೊದ್ಲಿಂದ ಹೇಳಿ."