ಖಾಲಿ ಪಂಪಿನ ಸದ್ದು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಉಬ್ಬಸಕ್ಕೆ ಬಾಯಿಗೆ ಹೊಡೆದುಕೊಳ್ಳುವ ದಮ್ಮಿನ ಪಂಪನ್ನು ನಾನು ಬಸ್ಸಿನ ಬ್ರೇಕು ಮಾಡಿಕೊಂಡಿದ್ದೆ. ಬೋನಾಳದ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದ ದಿನಗಳವು. ಊಟವಾದ ಮೇಲೆ ಶಿಕ್ಷಕರ ಕೋಣೆಯಲ್ಲಿ ಶಹಾಪುರ–ಸುರಪುರ ಬಸ್ಸು ಓಡಿಸುವುದು ನನ್ನ ಕೆಲಸ. ಕಂಡಕ್ಟರನ ಮೂಗುದನಿ, ಡ್ರೈವರನ ಕೆಮ್ಮು, ಸೀಟಿಗಾಗಿ ಜಗಳಾಡುವ ಹೆಂಗಸರು, ಎಲ್ಲ ನಾನೇ. ಬಸ್ಸು ನಿಲ್ಲುವಾಗ ಕಿಸೆಯಿಂದ ಪಂಪು ತೆಗೆದು ಗಾಳಿಗೆ ಒತ್ತುತ್ತಿದ್ದೆ. ಟುಸ್. ಹೆಡ್ಮಾಸ್ತರರೂ ಬಿದ್ದು ಬಿದ್ದು ನಗುತ್ತಿದ್ದರು, ಅವರದೇ ನಡಿಗೆಯ ನಕಲು ನಾನು ತೆಗೆಯುವ ತನಕ.

ಪಂಪು ನನ್ನ ಕಿಸೆಗೆ ಬಂದದ್ದು ಕುರಿಗಳಿಂದ. ನಮ್ಮದು ಕೊಂಕಲ್ ಕಡೆಯ ಕುರಿ ಸಾಕುವ ಮನೆತನ. ಹಟ್ಟಿಯ ಧೂಳಿಗೆ ನನ್ನ ಎದೆ ಸಿಳ್ಳೆ ಹಾಕುತ್ತಿತ್ತು. "ಇವಾ ಕುರಿ ಕಾಯೋದು ಬ್ಯಾಡ, ಕುರೀನೇ ಇವನ್ನ ಕಾಯಬೇಕಾಗ್ತದ" ಎಂದು ಅಪ್ಪ ನನ್ನನ್ನು ಶಾಲೆಗೆ ಅಟ್ಟಿದ. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕೊಯ್ಲು ಮುಗಿದೊಡನೆ ಗದ್ದೆಯವರು ಗೊಬ್ಬರಕ್ಕೆಂದು ರಾತ್ರಿ ಗದ್ದೆಯಲ್ಲೇ ಕುರಿ ತರುಬಿ ನಿಲ್ಲಿಸಲು ಕರೆಯುತ್ತಿದ್ದರು. ಹಾಗಾಗಿ ಆ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಹಿಂಡಿನ ಜೊತೆ ವಡಗೇರಾ ಕಡೆಯ ಗದ್ದೆಗಳಲ್ಲಿ, ಮನೆಗೆ ಬೀಗ. ರಜೆ ಬಂದರೆ ಉಳಿದ ಶಿಕ್ಷಕರು ಬಸ್ಸು ಹತ್ತಿ ಊರಿಗೆ ಹೋಗುವರು. ನನ್ನ ಊರು ಇವತ್ತು ಯಾವ ಗದ್ದೆಯಲ್ಲಿದೆ ಎಂದು ನಾನು ಫೋನು ಮಾಡಿ ಕೇಳಬೇಕಿತ್ತು.

ಸುರಪುರದಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ನನ್ನ ಬಾಡಿಗೆ ಕೋಣೆ. ಕೆಳಗೆ ಮನೆಯ ಒಡತಿ, ಜೋರು ದನಿಯ ಮುದುಕಿ, ಓಣಿಗೆಲ್ಲ ಆಯಿ. ಭಾನುವಾರ ಮಾತಿಗೆ ಯಾರೂ ಸಿಗದಿದ್ದರೆ ನಾನು ಜನರನ್ನು ತಯಾರಿಸಿಕೊಳ್ಳುತ್ತಿದ್ದೆ. ಅಪ್ಪನ ಗದರಿಕೆ, ಅದಕ್ಕೆ ಅವ್ವನ ಎದುರುತ್ತರ, ನಡುವೆ ಒಂದೆರಡು ಕುರಿ. ಒಮ್ಮೆ ಆಯಿ ಎರಡು ಕಪ್ಪು ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಯಾರೋ ಬಂದಾರಲ್ಲ?"

"ಈಗಷ್ಟೇ ಹೋದ್ರು ಆಯಿ."

"ನಾ ಮೆಟ್ಟಲ ಮ್ಯಾಲಿಂದೇ ಬಂದೀನಿ. ಯಾರೂ ಇಳದಿಲ್ಲ."

ಎರಡೂ ಕಪ್ಪು ನಾನೇ ಕುಡಿದೆ. ಅವಳು ಕೆಳಗಿಳಿದ ಮೇಲೆ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ ಅವಳ ನಕಲನ್ನೂ ತೆಗೆದೆ. "ಕೇಳಸ್ತದ ಮಾಸ್ತರಾ!" ಎಂದು ಕೆಳಗಿನಿಂದ ಉತ್ತರ ಬಂತು.

ಅಂಥದೇ ಇನ್ನೊಂದು ಭಾನುವಾರ ಮಧ್ಯಾಹ್ನ, ಕಾಲುವೆಯಾಚೆ ಯಾರೋ ಭತ್ತದ ಹುಲ್ಲಿಗೆ ಬೆಂಕಿಯಿಟ್ಟರು. ಹೊಗೆ ಓಣಿಯ ಮೇಲೆ ಬಂದು ಕುಳಿತುಬಿಟ್ಟಿತು. ಎದೆ ಬಿಗಿಯತೊಡಗಿತು. ಪಂಪು ಬಾಯಿಗಿಟ್ಟು ಒತ್ತಿದೆ. ಟುಸ್. ಎದೆ ಹಾಗೇ ಇತ್ತು. ಮತ್ತೆ ಒತ್ತಿದೆ. ಶಿಕ್ಷಕರ ಕೋಣೆಯಲ್ಲಿ ಅನ್ನುತ್ತಿದ್ದಷ್ಟೇ ಚೊಕ್ಕವಾಗಿ ಟುಸ್ ಅಂದಿತು. ಅಲುಗಾಡಿಸಿದರೆ ಒಳಗೆ ಏನೋ ಕುಲುಕಿತು. ಪಂಪು ಚೆನ್ನಾಗಿದೆ, ಕೆಟ್ಟಿರುವವನು ನಾನು ಅಂದುಕೊಂಡೆ. ಕೂಗಬೇಕೆಂದು ಬಾಯಿ ತೆರೆದೆ. ಊರ ಮಂದಿಯ ದನಿಗಳಿದ್ದ ಗಂಟಲಲ್ಲಿ ನನ್ನದೊಂದೂ ಹೊರಡಲಿಲ್ಲ.

ಗೋಡೆ ಹಿಡಿದು ಮೆಟ್ಟಿಲಿಳಿದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿ ನನ್ನನ್ನು ನೋಡಿ ನಕ್ಕಳು.

"ಇವತ್ತೂ ನನ್ನೇ ತಗದೇನು? ಬರೋಬ್ಬರಿ ಬಂದದ ಬಿಡು."

ಅಲ್ಲ ಎಂದು ಕೈಯಾಡಿಸಿದೆ. ಇನ್ನಷ್ಟು ನಕ್ಕಳು. ಆಮೇಲೆ ನನ್ನ ಕುತ್ತಿಗೆಯ ಕುಳಿ ಅವಳ ಕಣ್ಣಿಗೆ ಬಿತ್ತು. ಪ್ರತಿ ಉಸಿರಿಗೂ ಅದು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮೊರ ಕೈಜಾರಿತು.

"ಏ, ನಕಲಿಗಿ ಹಿಂಗ ಬೆವರು ಬರಂಗಿಲ್ಲ!"

ನಾನು ಅಲ್ಲೇ ಅಡ್ಡಾಗಲು ಹೋದೆ. "ಮಲಗಬ್ಯಾಡ, ನೆಟ್ಟಗ ಕೂಡು" ಎಂದು ರಟ್ಟೆ ಹಿಡಿದು ಕೂಡಿಸಿದಳು. ಓಣಿಯಲ್ಲಿ ಹೊರಟಿದ್ದ ಆಟೋಕ್ಕೆ ಅಡ್ಡ ನಿಂತಳು. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಅವಳ ಭುಜವೇ ಗೋಡೆ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ ಔಷಧದ ಹಬೆ ಕೊಟ್ಟರು. ಎದೆ ಸಡಿಲಾದ ಮೇಲೆ ಡಾಕ್ಟರಮ್ಮ ನನ್ನ ಪಂಪನ್ನು ತಿರುಗಿಸಿ ನೋಡಿ, ತಂದು ಎಷ್ಟು ದಿನವಾಯಿತು ಎಂದು ಕೇಳಿದರು. ನೆನಪಿರಲಿಲ್ಲ. ಬಸ್ಸಿನ ಕತೆ ಹೇಳಿದೆ. ಅವರು ನಗಲಿಲ್ಲ.

"ಔಷಧ ಎಂದೋ ಮುಗದದ್ರಿ. ಮುಗದ ಮ್ಯಾಲೂ ಒಳಗಿನ ಗ್ಯಾಸ್ ಹಂಗೇ ಟುಸ್ ಅಂತದ. ಅಲುಗಾಡಿಸಿದ್ರ ತಿಳಿಯಂಗಿಲ್ಲ. ಒತ್ತಿದ್ದು ಲೆಕ್ಕ ಇಡ್ರಿ, ಇಲ್ಲಾ ನಂಬರ್ ತೋರಸೋ ಪಂಪ್ ತೊಗೋರಿ. ಮತ್ತ, ಮ್ಯಾಲಿಂದ ಮ್ಯಾಲ ಬೇಕಾಗಾಕತ್ತದ ಅಂದ್ರ ಇಲ್ಲಿಗಿ ಬರ್ರಿ. ದಮ್ಮು ಏಳದಂಗ ದಿನಾ ತೊಗೊಳೋ ಔಷಧ ಬ್ಯಾರೇನೇ ಅದ."

ಆಮೇಲೆ ಹೊಸ ಪಂಪು ನನ್ನ ಕೈಗಿತ್ತು, ಹೊಡೆದುಕೊಂಡು ತೋರಿಸಿ ಎಂದರು. ನಾನು ಸೋಡಾ ಹೀರಿದ ಹಾಗೆ ಗಬಕ್ಕನೆ ಹೀರಿದೆ. ಅರ್ಧ ಔಷಧ ಮೂಗಿನ ಮುಂದೆ ಹೊಗೆಯಾಗಿ ಹೋಯಿತು. ಇಷ್ಟು ವರ್ಷ ಹೀಗೇ ಮಾಡಿದ್ದೆನಂತೆ. ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿದು, ಒಳಕ್ಕೆಳೆಯಲು ಶುರು ಮಾಡಿದೊಡನೆ ಒತ್ತಿ, ನಿಧಾನಕ್ಕೆ ಎಳೆದು, ಹತ್ತು ಎಣಿಸುವಷ್ಟು ಹೊತ್ತು ತಡೆಹಿಡಿಯಬೇಕು. ಯಾರ ಉಸಿರಿನ ನಕಲನ್ನಾದರೂ ತೆಗೆಯಬಲ್ಲ ನನಗೆ ನನ್ನ ಉಸಿರು ಎಳೆದುಕೊಳ್ಳಲು ಡಾಕ್ಟರಮ್ಮ ಕಲಿಸಬೇಕಾಯಿತು.

ಮನೆಗೆ ಬಂದೆವು. ಆಯಿ ಚಹಾ ಇಟ್ಟಳು, ಈ ಸಲ ಎರಡನೆಯ ಕಪ್ಪು ಅವಳಿಗೆ. ನನಗೆ ದನಿ ಮರಳಿತ್ತು, ಹುರುಪೂ ಮರಳಿತ್ತು. ಹಳೆಯ ಪಂಪನ್ನು ಕಿಸೆಯಿಂದ ತೆಗೆದು, "ಇದನ್ನ ಎಸಿಯಂಗಿಲ್ಲ ಆಯಿ, ನಮ್ಮ ಬಸ್ಸಿಗಿ ಬೇಕು" ಎಂದು ಒತ್ತಿದೆ. ಟುಸ್.

ಆಯಿ ಕಪ್ಪು ಕೆಳಗಿಟ್ಟು, ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.

"ಹೊಸದರ ಜೋಡಿ ಅದಲುಬದಲಾಗಿ ಮತ್ತ ಸಾಯಬೇಕೇನು? ಇದೂ ನಿನ್ನಂಗೇ ಅದ ನೋಡು. ಖಾಲಿ ಆದ್ರ ಖಾಲಿ ಆಗೀನಿ ಅನ್ನಬೇಕಪ್ಪಾ, ಸಪ್ಪಳ ಮಾಡ್ಕೋತ ಕೂಡಬಾರದು."