ಮೊದಲು ಅವರ ಮಾತು

ಧಾರವಾಡದ ನಮ್ಮ ಓಣಿಯ ವಾಚನಾಲಯದಲ್ಲಿ ಶನಿವಾರ ಸಂಜೆ ನಡೆಯುತ್ತಿದ್ದ ಚರ್ಚಾಕೂಟಕ್ಕೆ ಹಿರಿಯ ವಕೀಲರೊಬ್ಬರು ಕಾಯಂ ಅಧ್ಯಕ್ಷರು. ಪ್ರೊಫೆಸರರು, ಪತ್ರಕರ್ತರು ಎಲ್ಲ ಸೇರುತ್ತಿದ್ದೆವು. ನಮ್ಮಲ್ಲಿ ಮಾತಿಗೆ ಬರವಿರಲಿಲ್ಲ, ಕೇಳುವ ಕಿವಿಗಿತ್ತು. ಯಾರಾದರೂ ಖಂಡಿಸಲು ಎದ್ದರೆ ವಕೀಲರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ ಅನ್ನುತ್ತಿದ್ದರು: "ಮೊದಲ ಅವರ ಮಾತು ಹೇಳ್ರಿ. ನಿಮ್ಮದು ಆಮ್ಯಾಲ." ಎದುರಾಳಿ "ಹೌದ್ರಿ, ನಾ ಅಂದದ್ದು ಇದ" ಎಂದು ಒಪ್ಪುವ ತನಕ ಖಂಡನೆಗೆ ಅವಕಾಶವಿಲ್ಲ. ಎಷ್ಟೋ ಸಿಟ್ಟುಗಳು ಅಲ್ಲೇ ತಣ್ಣಗಾಗುತ್ತಿದ್ದವು.

ಚೀನಾ ಯುದ್ಧದ ದಿನಗಳಲ್ಲಿ ಇತಿಹಾಸದ ತರುಣ ಅಧ್ಯಾಪಕರೊಬ್ಬರು ಮಾತುಕತೆಯೊಂದೇ ದಾರಿ ಎಂದು ವಾದಿಸಿದರು. ಸಭೆಯಲ್ಲಿ ಗದ್ದಲವೆದ್ದಿತು. ವಕೀಲರು ಎಲ್ಲರನ್ನೂ ಸುಮ್ಮನಾಗಿಸಿ, ಆ ವಾದವನ್ನು ಅಧ್ಯಾಪಕರಿಗಿಂತ ಚೆನ್ನಾಗಿ ಹೇಳಿ, ಅವರಿಂದ ಒಪ್ಪಿಗೆ ಪಡೆದರು. ಆಮೇಲೆ, ಹೋರಾಡದೆ ಏಕೆ ಗತಿಯಿಲ್ಲ ಎಂದು ತಮ್ಮ ವಾದ ಮಂಡಿಸಿದರು. ಅವರ ಮಗ ಸೈನ್ಯದಲ್ಲಿದ್ದ. ಗಡಿಗೆ ಹೋದವನ ಸುದ್ದಿ ವಾರಗಳಿಂದ ಬಂದಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು.

ಈಗ ಅಧ್ಯಾಪಕರ ಸರದಿ. ಪದ್ಧತಿಯಂತೆ ಅವರು ವಕೀಲರ ಮಾತನ್ನು ಹೇಳತೊಡಗಿದರು: "ವಕೀಲ ಸಾಹೇಬರ ಮಗಾ ಅಲ್ಲಿ ಗಡಿಯಾಗ ಅದಾನ. ಹಿಂಗಾಗಿ ಅವರು..."

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು.

"ಅದನ್ನ ನಾ ಹೇಳಿಲ್ಲರಿ. ನಾ ಹೇಳಿದ್ದಷ್ಟ ಹೇಳ್ರಿ."

ಅಧ್ಯಾಪಕರು ಮಗನನ್ನು ಬಿಟ್ಟು ಮತ್ತೆ ಮೊದಲಿನಿಂದ ಹೇಳಿದರು. ವಕೀಲರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕನ್ನಡಕ ಹಾಕಿಕೊಂಡರು.

"ಹೌದ್ರಿ, ನಾ ಅಂದದ್ದು ಇದ. ಇನ್ನ ನಿಮ್ಮದು ಹೇಳ್ರಿ."