ಒದ್ದೆ ನೆಲ

ಗೆಳೆಯರೇ, ಬೋರಲು ಮಲಗಿ ಬರೀತಿದ್ದೀನಿ, ನಗಬೇಡಿ. ಇವತ್ತು ಬೆನ್ನಿನ ಗಂಟು ತೆಗೆಸೋಕೆ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಬೆಳಿಗ್ಗೆ ಐದೂವರೆಗೇ ಹೋಗಿ ಕೂತೆ. ಸಣ್ಣ ಆಪರೇಷನ್ನೇ, ಆದ್ರೂ ಎದ್ದು ಓಡಿಬಿಡೋಣ ಅಂತ ಬಾಗಿಲ ಕಡೆಗೇ ನೋಡ್ತಿದ್ದೆ. ಅಷ್ಟೊತ್ತಿಗಾಗಲೇ ನೆಲ ಒರೆಸ್ತಿದ್ದ ಆಯಮ್ಮ ಕೇಳಿದ್ರು, "ಏನ್ ಕೆಲಸ ನಿಮ್ದು?"

"ಪವರ್‌ಲೂಮ್ ನೇಯ್ತೀನಮ್ಮ."

"ದಿನಾ ನೂರು ಎಳೆಗೆ ಗಂಟು ಹಾಕೋರು, ಒಂದು ಗಂಟಿಗೆ ಹೆದರ್ತೀರಲ್ಲ!"

"ನಾವು ಮಗ್ಗ ನಿಲ್ಲಿಸಿ ಕೈ ಹಾಕ್ತೀವಿ. ಇಲ್ಲಿ ಉಸಿರಾಡ್ತಿರೋನಿಗೇ ಕತ್ರಿ ಹಾಕ್ತಾರೆ!"

ಆಯಮ್ಮ ನಕ್ಕು ಆಪರೇಷನ್ ರೂಮಿನ ನೆಲ ತೋರಿಸಿದ್ರು. "ಒದ್ದೆ ಐತೆ. ಒಣಗೋವರ್ಗೂ ಯಾರೂ ಒಳಗೆ ಹೋಗಂಗಿಲ್ಲ, ಡಾಕ್ಟ್ರೂ ಅಷ್ಟೇ."

ಕೋಳಿ ಕೂಗೋ ಮುಂಚೆ ಎದ್ದು ದುಡಿಯೋರ ಬೆಲೆ ನನಗೆ ಗೊತ್ತಾಗಿದ್ದೇ ಆಗ. ನೆಲ ಒಣಗೋವರ್ಗೂ ಬಚಾವಾದೆ ಅಂತ ಆಯಮ್ಮಂಗೆ ಕೈ ಮುಗಿಯೋಷ್ಟರಲ್ಲಿ, ಬೇಗ ಒಣಗಲಿ ಅಂತ ಅವರೇ ಫ್ಯಾನ್ ಹಾಕ್ಬಿಟ್ಟರು.

ಕರೆಂಟು ಹೋದಾಗೆಲ್ಲ ಶಾಪ ಹಾಕೋ ನಾನು, ಮೊದಲ ಸಲ ಕರೆಂಟು ಹೋಗಲಪ್ಪಾ ಅಂತ ಬೇಡ್ಕೊಂಡೆ. ಹಾಳಾದ್ದು, ಇವತ್ತೇ ಹೋಗ್ಲಿಲ್ಲ.